ಕಾಗದ ಮುಂದ, ಕಾಲು ಹಿಂದ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು ಎನ್ನುವುದೇ ಮೊದಲ ಕಾರಣ. ಅವರು ತೀರಿಕೊಂಡು ಎರಡು ತಿಂಗಳಾದರೂ ಆ ಸಿಟ್ಟಿನ ಭಯ ನನ್ನನ್ನು ಬಿಟ್ಟಿಲ್ಲ. ಕಾಲೇಜಿನಲ್ಲಿ ಪ್ರಾಂಶುಪಾಲರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಅಕ್ಕಾವರು ಎಂದೇ ಕರೆಯುತ್ತಿದ್ದೆವು. ಅಕ್ಕನ ಹಾಗೆ ತಲೆ ಸವರುತ್ತಿದ್ದರು ಎಂದು ತಿಳಿಯಬೇಡಿ. ಅಕ್ಕನ ಹಾಗೆ ಕಿವಿ ಹಿಂಡುತ್ತಿದ್ದರು.

ಬಸವಕಲ್ಯಾಣದ ಒಂದು ಸಣ್ಣ ಫಾರ್ಮಸಿ ಕಾಲೇಜಿನಲ್ಲಿ ಅವರು ಹೆಡ್ ಕ್ಲರ್ಕ್. ನಾನು ಆಗ ಅಲ್ಲಿಗೆ ಹೊಸದಾಗಿ ಸೇರಿದ ಮೇಷ್ಟ್ರು. ನಮ್ಮಂಥ ಕಾಲೇಜಿಗೂ ವರ್ಷಕ್ಕೆ ಮೂರೋ ನಾಲ್ಕೋ ಮಂದಿ ವಿದ್ಯಾರ್ಥಿಗಳು ತಾಂಜಾನಿಯಾ, ಮಲಾವಿ, ಸುಡಾನ್ ಮುಂತಾದ ದೇಶಗಳಿಂದ ಬರುತ್ತಿದ್ದರು. ಅವರ ವೀಸಾ, ನೋಂದಣಿ, ಪರವಾನಗಿ ಎಲ್ಲ ಅಕ್ಕಾವರ ಮೇಜಿನ ಮೇಲೆಯೇ ಹುಟ್ಟಿ ಅಲ್ಲಿಯೇ ಬೆಳೆಯುತ್ತಿದ್ದವು. ಸ್ವತಃ ಅಕ್ಕಾವರ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ಪೂರ್ವಕ್ಕೆ ಹೈದರಾಬಾದು, ಪಶ್ಚಿಮಕ್ಕೆ ಸೊಲ್ಲಾಪುರ, ಅವರ ಭೂಗೋಳ ಅಷ್ಟಕ್ಕೇ ಮುಗಿಯುತ್ತಿತ್ತು. ದಿನಾ ಬೆಳಿಗ್ಗೆ ಮಂಠಾಳದಿಂದ ಬಸ್ಸಿನಲ್ಲಿ ಬಂದು, ಸಂಜೆ ಅದೇ ಬಸ್ಸಿನಲ್ಲಿ ಹೋಗುವವರು. ಆದರೆ ಯಾವ ದೇಶದವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಯಾರದರಲ್ಲಿ ಕೊನೆಗೆ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ನೋಂದಣಿಯ ಫೋಟೋ ತೆಗೆಸುವ ದಿನ ತಾವೇ ಸ್ಟುಡಿಯೋಕ್ಕೆ ಹೋಗಿ ನಿಲ್ಲುತ್ತಿದ್ದರು. ಹುಡುಗರ ಮುಖದ ಬೆವರನ್ನು ತಮ್ಮ ಸೆರಗಿನಿಂದ ಒರೆಸಿ, "ನಗಬ್ಯಾಡ. ಸರ್ಕಾರದ ಮುಂದ ನಗಬಾರ್ದು," ಎಂದು ತಾಕೀತು ಮಾಡುತ್ತಿದ್ದರು.

ಹೊರದೇಶದ ವಿದ್ಯಾರ್ಥಿಗಳ ಕಾನೂನು ನಮಗೆ ತಿಳಿದ ಮಟ್ಟಿಗೆ ಹೀಗಿತ್ತು. ಓದುವ ವೀಸಾದ ಮೇಲೆ ಬಂದವರು ಇಲ್ಲಿ ಕೆಲಸ ಮಾಡುವಂತಿಲ್ಲ. ಪಠ್ಯದ ಭಾಗವಾಗಿ ಕಾರ್ಖಾನೆಯ ತರಬೇತಿ ಇದ್ದರೆ ಕಾಲೇಜು ಅದನ್ನು ಬರೆದು ತಿಳಿಸಬೇಕು, ಬೀದರದ ನೋಂದಣಿ ಕಚೇರಿಯಿಂದ ಒಪ್ಪಿಗೆ ಬರಬೇಕು, ಆಮೇಲೆಯೇ ಹೊಸ್ತಿಲು ದಾಟಬೇಕು. ಇದನ್ನು ಅಕ್ಕಾವರು ಪ್ರತಿಯೊಬ್ಬರಿಗೂ ಮೂರು ಸಲ ಹೇಳುತ್ತಿದ್ದರು. ಮೊದಲು ಇಂಗ್ಲಿಷಿನಲ್ಲಿ, ಕಾಗದದಲ್ಲಿ ಇದ್ದದ್ದು ಇದ್ದ ಹಾಗೆ. ಎರಡನೆಯದು ತಮ್ಮ ಕನ್ನಡದಲ್ಲಿ, ಅಲ್ಲಲ್ಲಿ ಹಿಂದಿ ಬೆರೆಸಿ. ಮೂರನೆಯ ಸಲ ತಾವು ಹೇಳುತ್ತಿರಲಿಲ್ಲ, ಎದುರಿಗಿದ್ದವರಿಂದ ಹೇಳಿಸುತ್ತಿದ್ದರು. ತಪ್ಪಿದರೆ ಮತ್ತೆ ಮೊದಲಿನಿಂದ. ಎಲ್ಲದರ ಸಾರವಾಗಿ ಒಂದು ಮಾತು ಕಟ್ಟಿಕೊಂಡಿದ್ದರು: "ಕಾಗದ ಮುಂದ, ಕಾಲು ಹಿಂದ." ದಾರ್-ಎಸ್-ಸಲಾಮಿನಿಂದ ಬಂದವರೂ ಖಾರ್ತೂಮಿನಿಂದ ಬಂದವರೂ ಕನ್ನಡದಲ್ಲಿ ಮೊದಲು ಕಲಿಯುತ್ತಿದ್ದ ವಾಕ್ಯ ಇದೇ. ಊಟ, ನೀರು ಎಲ್ಲ ಆಮೇಲೆ.

ಒಂದು ಸಂಜೆ ಬಸ್ಸಿಗೆ ಹೋಗುತ್ತಿದ್ದ ಅಕ್ಕಾವರು ದಾರಿಯಲ್ಲಿ ಮೊಬೈಲ್ ಅಂಗಡಿಯೊಂದರ ಒಳಗೆ ನಮ್ಮ ಮಲಾವಿಯ ಹುಡುಗ ಗಿರಾಕಿಗೆ ಫೋನು ತೋರಿಸುತ್ತ ನಿಂತಿದ್ದನ್ನು ಕಂಡರಂತೆ. ಸೀದಾ ಒಳಗೆ ಹೋಗಿ ಅವನ ಅಂಗಿಯ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಅಂಗಡಿಯವನು, "ಅಕ್ಕಾವ್ರ, ಪಗಾರ ಏನ್ ಕೊಟ್ಟಿಲ್ರಿ. ಹುಡುಗ ಖುಷಿಲಿಂದ ಮಾಡಾಕತ್ತಾನ," ಎಂದ. "ನಾಳಿ ಇಂವನ ವೀಸಾ ಹೋದ್ರ ನಿನ್ನ ಖುಷಿ ತಗೊಂಡು ಏನ್ ಮಾಡ್ಲಿ?" ಎಂದರಂತೆ ಇವರು. ಆ ಹುಡುಗ ಮರುದಿನ ನನ್ನ ಹತ್ತಿರ ಬಂದು ದೂರು ಹೇಳಿದ. ನನಗೂ ಆಗ ಅವನದೇ ಸರಿ ಎನ್ನಿಸಿತ್ತು.

ಯಾಕೆಂದರೆ ಅಕ್ಕಾವರ ಬಗ್ಗೆ ನನಗೆ ಮೊದಲಿನಿಂದಲೂ ತಕರಾರು. ತರಬೇತಿಯ ಹೊಣೆ ನನ್ನ ಮೇಲಿತ್ತು. ನಾನು ಕಾರ್ಖಾನೆಗಳಿಗೆ ಅಲೆದು, ಮಾಲೀಕರ ಕೈಕಾಲು ಹಿಡಿದು ಜಾಗ ಗಿಟ್ಟಿಸಿಕೊಂಡು ಬಂದರೆ ಇವರು ಒಂದು ಪತ್ರ ಬರೆಯಲು ಎರಡು ದಿನ ಮಾಡುತ್ತಿದ್ದರು. ಬರೆದ ದಿನ ಯಾವ ಪತ್ರವನ್ನೂ ಹೊರಗೆ ಕಳಿಸುತ್ತಿರಲಿಲ್ಲ. ಮೇಜಿನ ಖಾನೆಯಲ್ಲಿಟ್ಟು, ಮರುದಿನ ಬೆಳಿಗ್ಗೆ ಹೊಸಬರ ಹಾಗೆ ಓದಿ, ಆಮೇಲೆಯೇ ಮೊಹರು. ಅವಸರ ಮಾಡಿದರೆ, "ನಿಮಗ ಜಲ್ದಿ ಅದ ಸರ್. ಕಾಗದಕ್ಕ ಇಲ್ಲ," ಎನ್ನುತ್ತಿದ್ದರು. ಹಟಮಾರಿ, ಮೂಗಿನ ತುದಿಯಲ್ಲೇ ಸಿಟ್ಟು, ಬೇರೆಯವರಿಗೆ ಪೆನ್ನು ಸಹ ಕೊಡದವರು. ಸ್ಟಾಫ್ ರೂಮಿನಲ್ಲಿ ಅವರ ನಡಿಗೆಯನ್ನು ಅನುಕರಿಸಿ ನಗಿಸುತ್ತಿದ್ದವರಲ್ಲಿ ನಾನೇ ಮೊದಲಿಗ.

ಒಮ್ಮೆ ಜಗಳದ ನಡುವೆ ಕೇಳಿದ್ದೆ, ಈ ಕಾಗದದ ಹುಚ್ಚು ನಿಮಗೆ ಎಲ್ಲಿಂದ ಹತ್ತಿತು ಎಂದು. ಸಿಟ್ಟಿನಲ್ಲಿದ್ದವರು ತಟ್ಟನೆ ತಣ್ಣಗಾದರು. "ನಮ್ಮಪ್ಪ ನಲವತ್ತು ವರ್ಷ ಮಂದಿ ಹೊಲದಾಗ ದುಡದಾನ ಸರ್. ಅಲ್ಲೇ ಗುಡಸಲಾ ಹಾಕ್ಕೊಂಡು ಇದ್ವಿ. ಒಂದಿನ ಎದ್ದು ಹೋಗ್ರಿ ಅಂದ್ರು, ಎದ್ದು ಹೋದ್ವಿ. ಯಾಕಂದ್ರ ಇರ್ರಿ ಅಂತ ಬರದ ಕಾಗದ ನಮ್ಮ ಕೈಯಾಗ ಇರ್ಲಿಲ್ಲ. ಕಾಗದ ಇಲ್ದ ಮನಷ್ಯಾಗ ಯಾರ್ ಬೇಕಾದ್ರೂ ಎಬ್ಬಿಸಿ ಕಳಸಬಹುದು." ಅಷ್ಟು ಹೇಳಿ ಮತ್ತೆ ಟೈಪು ಮಾಡಲು ತೊಡಗಿದರು. ಆ ದಿನ ನಾನು ಜಗಳ ಮುಂದುವರಿಸಲಿಲ್ಲ.

ನೀಮಾ ಬಂದದ್ದು ಅದೇ ವರ್ಷ ಕೊನೆಯ ತರಗತಿಗೆ. ಹಾಗೆಂದರೆ ಅವಳು ಕಾಲೇಜಿಗೆ ಬಂದು ಮೂರು ವರ್ಷವಾಗಿತ್ತು, ನನ್ನ ಕೈಗೆ ತರಬೇತಿಗೆಂದು ಬಂದದ್ದು ಆಗ. ತಾಂಜಾನಿಯಾದವಳು, ತನ್ನ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದಳು. ಓದು ನಡುವೆ ನಿಂತರೆ ಆ ವೇತನ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವಳೇ ಹೇಳಿದ್ದಳು. ಮಧ್ಯಾಹ್ನ ಅಕ್ಕಾವರ ಡಬ್ಬಿಯ ರೊಟ್ಟಿ, ಪುಂಡಿಪಲ್ಲೆಯಲ್ಲಿ ಅರ್ಧ ಅವಳಿಗೇ ಹೋಗುತ್ತಿತ್ತು. ಕನ್ನಡವನ್ನೂ ಅಕ್ಕಾವರ ಬಾಯಿಂದಲೇ ಕಲಿತು, "ಹೌದ್ರಿ, ಬರ್ತೀನ್ರಿ" ಎಂದು ಥೇಟ್ ಮಂಠಾಳದವಳ ಹಾಗೆ ಮಾತಾಡುತ್ತಿದ್ದಳು.

ಅವಳಿಗೆ ಹುಮನಾಬಾದಿನ ಒಂದು ಸಣ್ಣ ಔಷಧ ಕಾರ್ಖಾನೆಯಲ್ಲಿ ಎರಡು ತಿಂಗಳ ತರಬೇತಿ ಗೊತ್ತು ಮಾಡಿದೆ. ಅಕ್ಕಾವರು ಪತ್ರ ಬರೆದು, ಒಂದು ರಾತ್ರಿ ಮಲಗಿಸಿ, ಬೀದರಕ್ಕೆ ಕಳಿಸಿದರು. ನೀಮಾಳನ್ನೂ ನನ್ನನ್ನೂ ಒಟ್ಟಿಗೆ ನಿಲ್ಲಿಸಿ ತಮ್ಮ ಮೂರು ಸಲದ ಪಾಠ ಮುಗಿಸಿದರು. ಒಪ್ಪಿಗೆ ಬರುವತನಕ ಕಾರ್ಖಾನೆಯಲ್ಲಿ ಏನನ್ನೂ ಮುಟ್ಟಬಾರದು, ಎಲ್ಲಿಯೂ ಸಹಿ ಮಾಡಬಾರದು. ನೀಮಾ ತಪ್ಪಿಲ್ಲದೆ ಒಪ್ಪಿಸಿದಳು. ನಾನು ಗಡಿಯಾರ ನೋಡುತ್ತ ನಿಂತಿದ್ದೆ.

ಮರುದಿನ ಗುರುವಾರ. ಜಾಗ ತೋರಿಸಿಕೊಂಡು ಬರೋಣವೆಂದು ಅವಳನ್ನು ಕರೆದುಕೊಂಡು ಹೆದ್ದಾರಿಯ ಸಸ್ತಾಪುರ ಬಂಗ್ಲಾ ನಿಲ್ದಾಣದಿಂದ ಬಸ್ಸು ಹತ್ತಿದೆ. ಕಾರ್ಖಾನೆಯ ಮಾಲೀಕರು ಮಾಣಿಕನಗರದಲ್ಲಿ ಮನೆ ಮಾಡಿಕೊಂಡಿದ್ದ ಹಿರಿಯರು, ದೊಡ್ಡ ದೈವಭಕ್ತರು. ಅವರಲ್ಲಿ ಒಂದು ಪದ್ಧತಿ. ಹೊಸಬರು ಯಾರೇ ಬರಲಿ, ಹೆಸರು ಹಚ್ಚುವುದು ಗುರುವಾರವೇ. ನಾವು ಹೋಗುವಷ್ಟರಲ್ಲಿ ಹಾಜರಿ ಪುಸ್ತಕಕ್ಕೆ ಕುಂಕುಮ ಹಚ್ಚಿ, ಪಕ್ಕದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕುಳಿತಿದ್ದರು.

"ಬಾ ತಾಯಿ, ಸಹಿ ಮಾಡು," ಎಂದರು.

ನೀಮಾ ನನ್ನ ಮುಖ ನೋಡಿದಳು. "ಸರ್, ಕಾಗದ ಬಂದಿಲ್ರಿ. ಅಕ್ಕಾ ಬ್ಯಾಡ ಅಂದಾರ."

"ಬರೇ ಹೆಸರು ಹಚ್ಚೂದಮ್ಮ. ಕೆಲಸ ಕಾಗದ ಬಂದ ಮ್ಯಾಲೇ ಮಾಡೀಯಂತ," ಎಂದರು ಮಾಲೀಕರು. "ಈ ಗುರುವಾರ ಬಿಟ್ರ ಮತ್ತ ಎಂಟು ದಿನ."

ಎಂಟು ದಿನ ಕಾಯಲು ನನಗೆ ಮನಸ್ಸಿರಲಿಲ್ಲ. ಹಿರಿಯರ ಮುಂದೆ ಬೇಡ ಎನ್ನಲು ಸಂಕೋಚ ಬೇರೆ. "ಇದು ಪೂಜೆ ನೀಮಾ, ಕೆಲಸ ಅಲ್ಲ. ಮಾಡು," ಎಂದೆ. ಅವಳು ಮಾಡಿದಳು. ಮಾಲೀಕರು ಕಾಯಿ ಒಡೆದರು. ಕೊಬ್ಬರಿ ತಿಂದುಕೊಂಡು ಹಿಂದಿರುಗಿದೆವು. ಒಪ್ಪಿಗೆ ಬಂದದ್ದು ಮುಂದಿನ ಮಂಗಳವಾರ. ನೀಮಾ ಕೆಲಸ ಕಲಿಯಲು ಹೋದದ್ದು ಬುಧವಾರ. ಆದರೆ ಕಾರ್ಖಾನೆಯ ಹಾಜರಿ ಬರೆಯುವವನು ಗುರುವಾರದ ಸಹಿ ನೋಡಿ, ಶುಕ್ರವಾರದಿಂದ ಮಂಗಳವಾರದವರೆಗೂ ಭಾನುವಾರ ಬಿಟ್ಟು ಎಲ್ಲರ ಜೊತೆ ಅವಳಿಗೂ ಹಾಜರಿ ಹಾಕುತ್ತ ಹೋಗಿದ್ದ. ತಿಂಗಳ ಕೊನೆಗೆ ಹಾಜರಿಯ ಪ್ರತಿ ಬೀದರಕ್ಕೆ ಹೋಗಬೇಕಾದಾಗ ಅಕ್ಕಾವರು ತಂಗಿಯ ಮಗಳ ಮದುವೆಗೆಂದು ರಜೆಯಲ್ಲಿದ್ದರು. ನಾನೇ ಮುತುವರ್ಜಿ ವಹಿಸಿ, ತೆರೆದೂ ನೋಡದೆ ಕಳಿಸಿಬಿಟ್ಟೆ.

ವಾರದೊಳಗೆ ನೋಟಿಸು ಬಂತು. ಪರವಾನಗಿಗೆ ಮೊದಲೇ ವಿದ್ಯಾರ್ಥಿನಿ ಕೆಲಸಕ್ಕೆ ಸೇರಿದ್ದಾಳೆ, ವಿವರಣೆ ಕೊಡಲು ಕಾಲೇಜಿನವರು ಅವಳೊಂದಿಗೆ ಹಾಜರಾಗಬೇಕು, ಸಮಾಧಾನವಾಗದಿದ್ದರೆ ಅವಳ ವಾಸದ ಅನುಮತಿ ರದ್ದಾಗುತ್ತದೆ ಎಂದಿತ್ತು. ಪರೀಕ್ಷೆಗೆ ನಾಲ್ಕೇ ತಿಂಗಳು ಉಳಿದಿದ್ದವು. ನೀಮಾ ಅದನ್ನು ಓದಿ ಅಕ್ಕಾವರ ಮೇಜಿನ ಮುಂದೆ ನೆಲದ ಮೇಲೆಯೇ ಕುಳಿತುಬಿಟ್ಟಳು. ಅಳಲಿಲ್ಲ. "ನಮ್ಮ ಅವ್ವಗ ಏನ್ ಹೇಳ್ಲಿ?" ಎಂದಷ್ಟೇ ಕೇಳಿದಳು.

ನಾನು ಹುಮನಾಬಾದಿಗೆ ಫೋನು ಮಾಡಿದೆ. ಮಾಲೀಕರಿಗೆ ನಿಜವಾಗಿಯೂ ಸಂಕಟವಾಯಿತು. "ಫಿಕರ್ ಮಾಡಬ್ಯಾಡ್ರಿ. ಹೊಸಾ ಪುಸ್ತಕ ತರಸ್ತೀನಿ. ಎಲ್ಲರ ಕಡಿಂದ ಮತ್ತ ಸಹಿ ಮಾಡಿಸಿ ಕೊಡ್ತೀನಿ. ಆ ಕೂಸಿನ ಹೆಸರು ಬುಧವಾರದಿಂದ ಇರ್ತದ. ಮೊದಲ ಕಳಿಸಿದ ಪ್ರತಿ ತಪ್ಪಿತ್ತು ಅಂದ್ರಾತು," ಎಂದರು. ನಾನು ಗೆದ್ದವನ ಹಾಗೆ ಅಕ್ಕಾವರ ಹತ್ತಿರ ಓಡಿದೆ.

ಅವರು ತಲೆ ಎತ್ತಲಿಲ್ಲ. "ಒಂದು ಸುಳ್ಳ ಕಾಗದ ಮಾಡಿದ್ರ ಅದರ ಕಾವಲಿಗಿ ಇನ್ನ ಹತ್ತು ಮಾಡಬೇಕಾಗ್ತದ ಸರ್. ಹಳೇ ಪುಸ್ತಕಾನೇ ತರ್ರಿ," ಎಂದರು. ಗುರುವಾರ ನಡೆದದ್ದನ್ನೆಲ್ಲ ನೀಮಾಳಿಂದ ಕೇಳಿಕೊಂಡರು. ಆಮೇಲೆ ಎರಡು ದಿನ ಕುಳಿತು ನಮ್ಮ ಪ್ರಯೋಗಾಲಯದ ಹಾಜರಿಯನ್ನೆಲ್ಲ ಜಾಲಾಡಿದರು. ಶುಕ್ರವಾರದಿಂದ ಮಂಗಳವಾರದವರೆಗೆ ನೀಮಾ ಕಾಲೇಜಿನಲ್ಲೇ ಇದ್ದಳು ಎಂಬುದಕ್ಕೆ ದಿನಕ್ಕೆರಡು ಸಹಿ ಸಿಕ್ಕವು. ಗುರುವಾರಕ್ಕೆ ಮಾತ್ರ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ, ಆ ದಿನ ಅವಳು ನನ್ನ ಜೊತೆ ಕೊಬ್ಬರಿ ತಿನ್ನುತ್ತಿದ್ದಳು.

ಮೂವರೂ ಬೀದರಕ್ಕೆ ಹೋದೆವು. ಬಸ್ಸಿನಲ್ಲಿ ಅಕ್ಕಾವರು ಫೈಲನ್ನು ಎದೆಗವಚಿಕೊಂಡು ಕುಳಿತಿದ್ದರು. ಅಧಿಕಾರಿ ಕೆಟ್ಟವರಲ್ಲ. ಎಲ್ಲ ಕಾಗದಗಳನ್ನೂ ಸಮಾಧಾನದಿಂದ ನೋಡಿದರು.

"ಈ ನಾಕು ದಿನದ್ದು ಕಾರ್ಖಾನಿಯವರ ತಪ್ಪು. ಒಪ್ಪತೀನಿ. ಆದ್ರ ಗುರುವಾರದ ಸಹಿ ಈಕೀದೇ ಅದಲ್ಲ?"

"ಹೌದ್ರಿ," ಎಂದರು ಅಕ್ಕಾವರು.

"ಪರವಾನಗಿ ಇಲ್ದ ಸಹಿ ಮಾಡಬಾರ್ದು ಅಂತ ಈಕಿಗಿ ಗೊತ್ತಿತ್ತೇನು? ಗೊತ್ತಿದ್ದು ಮಾಡಿದ್ರ ತಪ್ಪು ಈಕೀದು. ನಾ ಏನೂ ಮಾಡಾಕ ಬರೂದಿಲ್ಲ. ನಿಮ್ಮವರು ಹೇಳಿರ್ಲಿಲ್ಲ ಅಂದ್ರ ತಪ್ಪು ನಿಮ್ಮದು. ಕಾಲೇಜಿಗಿ ಎಚ್ಚರಿಕಿ ಕೊಟ್ಟು ಮುಗಸ್ತೀನಿ."

ಹೇಳಬೇಕಾದ ಮಾತು ಒಂದೇ ಇತ್ತು, ಅದನ್ನು ಹೇಳಬೇಕಾದವನು ನಾನೊಬ್ಬನೇ ಇದ್ದೆ. ಅವಳಿಗೆ ಗೊತ್ತಿತ್ತು, ಅವಳು ಬೇಡ ಎಂದಳು, ಮೇಷ್ಟ್ರಾದ ನಾನು ಒತ್ತಾಯಿಸಿ ಮಾಡಿಸಿದೆ, ತಪ್ಪು ಅವಳದಲ್ಲ, ನನ್ನದು. ಅಷ್ಟೇ. ನನ್ನ ನೌಕರಿ ಆಗ ಕಾಯಂ ಆಗಿರಲಿಲ್ಲ. ಆಡಳಿತ ಮಂಡಳಿಯವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ.

ಅಕ್ಕಾವರು ನನ್ನ ಕಡೆ ತಿರುಗಿ ನೋಡಿ ಕಾದರು. ಅವರು ಕಾದದ್ದು ನನಗೆ ಚೆನ್ನಾಗಿ ಗೊತ್ತಾಯಿತು. ಅಷ್ಟರಲ್ಲಿ ನೀಮಾ, "ನನಗ..." ಎಂದು ಶುರು ಮಾಡಿದಳು. ಅಕ್ಕಾವರು ಅವಳ ಕೈಯನ್ನು ಗಟ್ಟಿಯಾಗಿ ಒತ್ತಿದರು.

"ಆಕಿಗಿ ಗೊತ್ತಿರ್ಲಿಲ್ರಿ," ಎಂದರು. "ಹೇಳೂದು ನನ್ನ ಕೆಲಸ. ನಾನು ಹೇಳಿರ್ಲಿಲ್ಲ."

ಅಧಿಕಾರಿ ಅದನ್ನು ಬರೆದುಕೊಂಡು ಅವರ ಕಡೆ ತಳ್ಳಿದರು. ಅಕ್ಕಾವರು ಪೂರ್ತಿ ಓದಿ ಸಹಿ ಹಾಕಿದರು. ಬರೆದ ದಿನವೇ ಹೊರಗೆ ಹೋದ ಅವರ ಒಂದೇ ಕಾಗದ ಅದಾಗಿರಬೇಕು.

ಹಿಂದಿರುಗುವಾಗ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಿತ್ತು. ನೀಮಾ ನೀರು ತರಲು ಹೋದಳು. ನಾನು ಧೈರ್ಯ ಮಾಡಿ, "ನಿಮ್ಮ ಉಪಕಾರ ಆಯ್ತು ಅಕ್ಕಾವ್ರ," ಎಂದೆ. ಅವರು ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದವರು ನನ್ನನ್ನು ನೋಡಿದರು. ಕಣ್ಣುಗಳು ತುಂಬಿದ್ದವು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

"ಮೂವತ್ತು ವರ್ಷ ಆಯ್ತು ಸರ್ ನಾ ಈ ಕೆಲಸ ಮಾಡಾಕತ್ತು. ಹೇಳಿಲ್ಲ ಅಂತ ಇವತ್ತ ಬರದು ಕೊಟ್ಟು ಬಂದೆ. ನನ್ನ ಕಡಿಂದ ಸುಳ್ಳ ಹೇಳಿಸಿದ್ರಿ ನೀವು."

ನಾನು ನಾಳೆಯೇ ಪ್ರಾಂಶುಪಾಲರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ.

"ಈಗ ಹೇಳಿದ್ರ ಆಕಿ ಫೈಲ್ ಮತ್ತ ತೆಗೀತಾರ. ಸುಮ್ಮ ಕುಂದರ್ರಿ. ಸುಮ್ಮ ಕುಂದರೂದು ನಿಮಗ ಛಲೋ ಬರ್ತದ," ಎಂದರು.

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಕಾಲೇಜಿಗೆ ಎಚ್ಚರಿಕೆ ಪತ್ರ ಬಂತು. ಕರ್ತವ್ಯ ಲೋಪ ಎಂದು ಅಕ್ಕಾವರಿಗೆ ಮೆಮೊ ಕೊಟ್ಟು ಅವರ ಸೇವಾ ಪುಸ್ತಕದಲ್ಲಿ ಬರೆದರು. ಆ ವರ್ಷ ಅವರಿಗೆ ಸಿಗಬೇಕಾಗಿದ್ದ ಸೂಪರಿಂಟೆಂಡೆಂಟ್ ಹುದ್ದೆ ಅವರಿಗಿಂತ ಕಿರಿಯರಿಗೆ ಹೋಯಿತು. ಅಕ್ಕಾವರು ಮೆಮೊವನ್ನು ತಾವೇ ಫೈಲಿಗೆ ಹಚ್ಚಿ ನಂಬರು ಹಾಕಿದರು. ನೀಮಾ ತರಬೇತಿಯನ್ನು ಮೊದಲ ದಿನದಿಂದ ಮತ್ತೆ ಮಾಡಿದಳು, ಪಾಸಾದಳು, ಹೊರಡುವ ದಿನ ಅಕ್ಕಾವರ ಕಾಲು ಮುಟ್ಟಿ ನಮಸ್ಕರಿಸಿ ಹೋದಳು. ನನ್ನ ನೌಕರಿ ಕಾಯಂ ಆಯಿತು. ಅಕ್ಕಾವರು ನಿವೃತ್ತರಾಗುವವರೆಗೂ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಅವರ ನಡಿಗೆಯನ್ನು ಅನುಕರಿಸುವುದನ್ನು ನಾನು ಬಿಟ್ಟಿದ್ದೆ. ಅದರ ಬದಲು ಕೆಲಸದ ರೀತಿಯನ್ನು ಅನುಕರಿಸತೊಡಗಿದೆ. ಈಗ ಹೊರದೇಶದ ಹುಡುಗರ ಕಾಗದಗಳು ನನ್ನ ಮೇಜಿನ ಮೇಲೆಯೇ ಇವೆ. ನನ್ನ ನಿಧಾನಕ್ಕೆ ಹೊಸ ಮೇಷ್ಟ್ರುಗಳು ನಗುತ್ತಾರೆ. ನಗಲಿ.

ಅವರಿಗೆ ಮೈಯಲ್ಲಿ ಆರಾಮಿಲ್ಲವೆಂದು ಕೇಳಿ ಮೂರು ತಿಂಗಳ ಹಿಂದೆ ಮಂಠಾಳಕ್ಕೆ ಹೋಗಿದ್ದೆ. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಬಹಳ ಸೊರಗಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ಕುಳಿತರು. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ಎಷ್ಟೋ ವರ್ಷದಿಂದ ಬಾಯಿಗೆ ಬಂದು ತಿರುಗಿ ಹೋಗುತ್ತಿದ್ದ ಮಾತು ಆ ದಿನ ಹೊರಗೆ ಬಂತು.

"ಅಕ್ಕಾವ್ರ, ಬೀದರದಾಗ ನಾ ಬಾಯಿ ಬಿಡಲಿಲ್ಲ. ನನಗ ಮಾಫ್ ಮಾಡ್ರಿ," ಎಂದೆ.

"ಆ ಹುಡುಗಿ ಈಗ ಏನ್ ಮಾಡಾಕತ್ತಾಳ?" ಎಂದು ಕೇಳಿದರು.

ದಾರ್-ಎಸ್-ಸಲಾಮಿನ ಔಷಧ ಕಾರ್ಖಾನೆಯೊಂದರಲ್ಲಿ ಇದ್ದಾಳೆ, ತರಬೇತಿಗೆ ಬರುವ ಹುಡುಗರಿಗೆಲ್ಲ ಅವಳೇ ಕಲಿಸುತ್ತಾಳೆ ಎಂದೆ. ಫೋನಿನಲ್ಲಿದ್ದ ಅವಳ ಫೋಟೋ ತೋರಿಸಿದೆ. ಬಿಳಿ ಕೋಟು ಹಾಕಿಕೊಂಡು ನಗುತ್ತಿದ್ದಳು. ಅಕ್ಕಾವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ತನ್ನ ದೇಶದಾಗ ಅದಾಳಲ್ಲ," ಎಂದರು. "ಅಲ್ಲಿ ಆಕಿಗಿ ಯಾರ ಪರವಾನಗೀನೂ ಬೇಕಾಗಿಲ್ಲ."

ಫೋನನ್ನು ನನ್ನ ಕೈಗೆ ಕೊಟ್ಟು, ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. ಮಾಫಿಯ ಮಾತನ್ನು ನಾನು ಇನ್ನೊಮ್ಮೆ ಎತ್ತಲಿಲ್ಲ.